ನಿಂಟೆಂಡೊ 64ರಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋ ಮರ್ಸಿ: ದೋಷ ಪತ್ತೆ ಮತ್ತು ನಿವಾರಣೆ

2000ನೇ ಇಸವಿಯ ನವೆಂಬರಿನಲ್ಲಿ ಬಂದ ನೋ ಮರ್ಸಿಯನ್ನು ಇವತ್ತಿಗೂ ಆಡುವವರಿದ್ದಾರೆ. ಎಕೆಐ ಕಾರ್ಪೊರೇಷನ್ ರೂಪಿಸಿ ಟಿಎಚ್‌ಕ್ಯು ಪ್ರಕಟಿಸಿದ ಕುಸ್ತಿ ಆಟಗಳ ಸಾಲಿನಲ್ಲಿ ಇದು ಕೊನೆಯದು. ವರ್ಲ್ಡ್ ಟೂರ್ (1997), ರಿವೆಂಜ್ (1998), ರೆಸಲ್‌ಮೇನಿಯಾ 2000 (1999) ಇದರ ಅಣ್ಣಂದಿರು. ಜಪಾನಿನಲ್ಲಷ್ಟೇ ಬಂದ ವರ್ಚುವಲ್ ಪ್ರೊ ರೆಸ್ಲಿಂಗ್ 2 ಕೂಡ ಇದೇ ಎಂಜಿನ್ನಿನದು. ನಿಯಂತ್ರಣ ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ. ಸೇವ್ ಮಾಡುವ ಚಿಪ್ ಮಾತ್ರ ಬೇರೆ ಬೇರೆ. ದೋಷ ಹುಡುಕುವಾಗ ಜನ ದಾರಿ ತಪ್ಪುವುದು ಈ ಎರಡು ಕಡೆಗಳಲ್ಲೇ: ಕಂಟ್ರೋಲರ್‌ನ ಸ್ಟಿಕ್ ಸರಿಯಿದ್ದರೂ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಬ್ಯಾಟರಿಯೇ ಇಲ್ಲದ ಕಾರ್ಟ್ರಿಜ್‌ನಲ್ಲಿ (ಆಟವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ) ಬ್ಯಾಟರಿ ಹುಡುಕುತ್ತಾರೆ.

ಬಿಚ್ಚುವ ಮೊದಲು ಬದಲಿಸಿ ನೋಡಿ

ದೋಷ ಇರಬಹುದಾದ ಜಾಗಗಳು ಐದು: ಪವರ್ ಬ್ರಿಕ್ (ಕರೆಂಟ್ ಕೊಡುವ ಅಡಾಪ್ಟರ್), ಕನ್ಸೋಲ್, ಕಾರ್ಟ್ರಿಜ್, ಕಂಟ್ರೋಲರ್, ಟಿವಿ ಮತ್ತು ಅದರ ಕೇಬಲ್. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಒಟ್ಟಿಗೆ ಎರಡು ಬದಲಿಸಿದರೆ ಆಟ ಸರಿಹೋಗಬಹುದು, ಆದರೆ ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ. ಅದೇ ಕನ್ಸೋಲ್‌ನಲ್ಲಿ ಇನ್ನೊಂದು ಆಟ ಸಲೀಸಾಗಿ ಓಡಿದರೆ ಗುಮಾನಿ ಕಾರ್ಟ್ರಿಜ್ ಮೇಲೆ. ಯಾವ ಆಟವೂ ಓಡದಿದ್ದರೆ ನೋ ಮರ್ಸಿಯನ್ನು ಪಕ್ಕಕ್ಕಿಟ್ಟು ಕನ್ಸೋಲ್ ಕಡೆ ತಿರುಗಿ.

ಗೇಮ್‌ಶಾರ್ಕ್ ಅಥವಾ ಆಕ್ಷನ್ ರಿಪ್ಲೇ ಥರದ ಚೀಟ್ ಸಾಧನ ಸಿಕ್ಕಿಸಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ತೆಗೆಯಿರಿ. ಸ್ಲಾಟ್ ಮತ್ತು ಕಾರ್ಟ್ರಿಜ್ ನಡುವೆ ಅದು ಇನ್ನೊಂದು ಜೋಡಿ ಸಂಪರ್ಕ ಬಿಂದುಗಳನ್ನು ತಂದಿಡುತ್ತದೆ. ಸವೆದ ಚೀಟ್ ಸಾಧನದಿಂದ ಆಗುವ ತೊಂದರೆಗೂ ಸತ್ತ ಕಾರ್ಟ್ರಿಜ್‌ನ ಲಕ್ಷಣಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು.

ಕೈಯಲ್ಲಿ ಇರಬೇಕಾದ ಸಾಮಾನು ಹೆಚ್ಚಿಲ್ಲ. ಕಾರ್ಟ್ರಿಜ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ (ಈ ವಿಶೇಷ ಸ್ಕ್ರೂಗಳಿಗೆ ಹೊಂದುವ ಸ್ಕ್ರೂಡ್ರೈವರ್ ತುದಿ), ಕನ್ಸೋಲ್ ಬಿಚ್ಚಲು 4.5 ಮಿ.ಮೀ. ಗೇಮ್‌ಬಿಟ್, ಕಂಟ್ರೋಲರ್‌ಗೆ ಸಣ್ಣ ಪ್ಲಸ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಶೇಕಡಾ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ಕಡ್ಡಿ. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಸ್ಕ್ರೂ ತಲೆಗೆ ಒತ್ತಿ ಬಿಚ್ಚುವ ಉಪಾಯ ಹಲವು ಕಡೆ ಹೇಳುತ್ತಾರೆ. ಅದಕ್ಕೆ ಕೈ ಹಾಕಬೇಡಿ, ಸ್ಕ್ರೂ ಕುಳಿಯಲ್ಲಿ ಪ್ಲಾಸ್ಟಿಕ್ ಮೆತ್ತಿಕೊಂಡರೆ ಆಮೇಲೆ ಸರಿಯಾದ ಬಿಟ್ ಕೂಡ ಕೂರುವುದಿಲ್ಲ.

ಕೆಂಪು ದೀಪವೇ ಹೊತ್ತದಿದ್ದರೆ

ಪವರ್ ಬ್ರಿಕ್ ಕನ್ಸೋಲ್‌ನ ಹಿಂಬದಿಯಲ್ಲಿ ನೇರವಾಗಿ ಒಳಗೆ ಕೂರುತ್ತದೆ. ಪೂರ್ತಿ ಹೊರತೆಗೆದು, ಸಂಪರ್ಕದ ಅಂಚನ್ನು ಒರೆಸಿ, ಗಟ್ಟಿಯಾಗಿ ಒತ್ತಿ ಕೂರಿಸಿ. ಹಲವು ಸಲ ಇಷ್ಟಕ್ಕೇ ದೀಪ ಹೊತ್ತುತ್ತದೆ.

ಬ್ರಿಕ್ ಕನ್ಸೋಲ್‌ಗೆ 3.3 ವೋಲ್ಟ್ ಮತ್ತು 12 ವೋಲ್ಟ್ ಎರಡನ್ನೂ ಕೊಡುತ್ತದೆ. ಮನೆಯ ವಿದ್ಯುತ್ತಿನ ವಿಷಯದಲ್ಲಿ ಅದು ದೇಶಕ್ಕೆ ತಕ್ಕಂತೆ ಬೇರೆ: ಜಪಾನಿನದು 100 ವೋಲ್ಟಿಗೆ, ಅಮೆರಿಕದ್ದು 120ಕ್ಕೆ, ಯುರೋಪಿನದು 230ಕ್ಕೆ ಸರಿಹೊಂದುತ್ತದೆ. ಅಮೆರಿಕದ ಬ್ರಿಕ್ಕನ್ನು ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ 230 ವೋಲ್ಟಿಗೆ ಚುಚ್ಚಿದರೆ ಅದು ಸುಡುತ್ತದೆ. ಬೇಕಿರುವುದು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ಇಲ್ಲವೇ ಸ್ಥಳೀಯ ವೋಲ್ಟೇಜಿನ ಬ್ರಿಕ್. ಕನ್ಸೋಲ್‌ಗೆ ಹೋಗುವ ವೋಲ್ಟೇಜ್ ಎಲ್ಲ ಬ್ರಿಕ್‌ಗಳಲ್ಲೂ ಒಂದೇ ಆದ್ದರಿಂದ ಅಮೆರಿಕದ ಕನ್ಸೋಲ್‌ಗೆ ಯುರೋಪಿನ ಬ್ರಿಕ್ ಹಾಕಲು ಅಡ್ಡಿಯಿಲ್ಲ.

ಬೇರೆ ಬ್ರಿಕ್ ಹಾಕಿದರೂ ದೀಪ ಹೊತ್ತದಿದ್ದರೆ ದೋಷ ಕನ್ಸೋಲ್‌ನ ಸ್ವಿಚ್ ಅಥವಾ ಬೋರ್ಡಿನಲ್ಲಿದೆ.

ದೀಪ ಹೊತ್ತುತ್ತದೆ, ತೆರೆ ಕಪ್ಪು

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಕಾರಣಗಳನ್ನು ಸಾಧ್ಯತೆಯ ಕ್ರಮದಲ್ಲೇ ನೋಡೋಣ.

ಮೊದಲನೆಯದು ಕನ್ಸೋಲ್ ಮುಂಭಾಗದ ಮುಚ್ಚಳದ ಕೆಳಗಿನ ಪ್ಯಾಕ್. ಅಲ್ಲಿ ಒಂದೋ ಜಾಗ ತುಂಬುವ ಜಂಪರ್ ಪ್ಯಾಕ್ ಇರಬೇಕು, ಇಲ್ಲವೇ ಹೆಚ್ಚುವರಿ ಮೆಮೊರಿಯ ಎಕ್ಸ್‌ಪ್ಯಾನ್ಷನ್ ಪ್ಯಾಕ್. ಖಾಲಿ ಇದ್ದರೆ ಕನ್ಸೋಲ್ ಬೂಟ್ ಆಗುವುದೇ ಇಲ್ಲ, ಏಕೆಂದರೆ ರ‍್ಯಾಮ್‌ಬಸ್ ಮೆಮೊರಿಯ ಸಾಲು ಆ ಪ್ಯಾಕ್‌ನಲ್ಲಿ ಹೋಗಿ ಮುಗಿಯಬೇಕು. ಸೆಕೆಂಡ್ ಹ್ಯಾಂಡ್ ಕನ್ಸೋಲ್‌ಗಳಲ್ಲಿ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಕಿತ್ತು ಬೇರೆಯಾಗಿ ಮಾರಿ, ಜಂಪರ್ ಪ್ಯಾಕ್ ಹಾಕದೆ ಕೊಡುವುದು ಅಪರೂಪವಲ್ಲ. ಮುಚ್ಚಳ ತೆಗೆದು ನೋಡಲು ಅರ್ಧ ನಿಮಿಷ ಸಾಕು. ಪ್ಯಾಕ್ ಇದ್ದರೂ ಅಳ್ಳಕವಾಗಿ ಕೂತಿರಬಹುದು. ತೆಗೆದು ಮತ್ತೆ ಒತ್ತಿ ಕೂರಿಸಿ. ಪ್ಯಾಕ್ ಎತ್ತಲು ಅದರದೇ ಪ್ಲಾಸ್ಟಿಕ್ ಸಲಕರಣೆ ಇರುತ್ತಿತ್ತು. ಅದಿಲ್ಲದಿದ್ದರೆ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯಿಂದ ಎರಡೂ ಬದಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎತ್ತಿ. ಲೋಹದ ಸ್ಕ್ರೂಡ್ರೈವರ್ ಬೇಡ.

ಎಕ್ಸ್‌ಪ್ಯಾನ್ಷನ್ ಪ್ಯಾಕ್ ಹಾಕಿದಾಗ ಮಾತ್ರ ಚಿತ್ರ ಚೂರುಚೂರಾಗಿ ಕಾಣುವುದು, ಕುಸ್ತಿಪಟುಗಳ ಮೈಮೇಲೆ ತ್ರಿಕೋನಗಳು ಎದ್ದು ನಿಲ್ಲುವುದು ಅಥವಾ ಬೂಟ್ ಆಗದಿರುವುದು ಕಂಡುಬಂದರೆ ಆ ಪ್ಯಾಕ್ ಕೆಟ್ಟಿದೆ ಅಥವಾ ಅದರ ಸಂಪರ್ಕ ಕೊಳೆಯಾಗಿದೆ. ಜಂಪರ್ ಪ್ಯಾಕ್ ಹಾಕಿ ಅದೇ ಪಂದ್ಯ ಆಡಿ ನೋಡಿ. ಎರಡರಲ್ಲೂ ಅದೇ ಗೋಳಾದರೆ ಪ್ಯಾಕ್ ನಿರಪರಾಧಿ.

ಎರಡನೆಯದು ಕಾರ್ಟ್ರಿಜ್ ಸಂಪರ್ಕ. ಊದಿ ಹಾಕುವ ಹಳೇ ಚಾಳಿ ಬಿಡಬೇಕು. ಉಸಿರಿನ ತೇವ ತಾಮ್ರದ ಮೇಲೆ ಕೂತು ನಿಧಾನವಾಗಿ ಕಿಲುಬು ತರುತ್ತದೆ. ಊದಿದಾಗ ಆಟ ಓಡಿದ್ದರೆ ಅದಕ್ಕೆ ಕಾರಣ ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಹತ್ತಿಯ ಕಡ್ಡಿಗೆ ಆಲ್ಕೋಹಾಲ್ ಹಚ್ಚಿ, ತೊಟ್ಟಿಕ್ಕದಷ್ಟು ಹಿಂಡಿ, ಅಂಚಿನ ಎರಡೂ ಬದಿಯ ಸಂಪರ್ಕಗಳನ್ನು ಮೇಲಿನಿಂದ ಕೆಳಕ್ಕೆ ಉಜ್ಜಿ. ಒಟ್ಟು 50 ಸಂಪರ್ಕಗಳು, ಬದಿಗೆ 25. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಹೊಸ ಹೊಸ ಕಡ್ಡಿ ಬಳಸಿ, ನಂತರ ಒಣ ಕಡ್ಡಿಯಿಂದ ಒರೆಸಿ ಐದು ನಿಮಿಷ ಒಣಗಲು ಬಿಡಿ. ಹೀಗೆ ಮಾಡಿದರೂ ಕಲೆ ಹೋಗದಿದ್ದರೆ ಹಿಂಬದಿಯ ಎರಡು ಗೇಮ್‌ಬಿಟ್ ಸ್ಕ್ರೂ ಬಿಚ್ಚಿ, ಬೋರ್ಡ್ ಹೊರತೆಗೆದು, ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಮತ್ತೆ ಆಲ್ಕೋಹಾಲಿನಿಂದ ತೊಳೆಯಿರಿ. ಮರಳು ಕಾಗದ ಮತ್ತು ಲೋಹದ ಪಾಲಿಶ್ ಚಿನ್ನದ ಲೇಪನವನ್ನೇ ಕಿತ್ತುಹಾಕುತ್ತವೆ. ಒಂದು ವಾರ ಹೊಳೆಯುತ್ತದೆ, ಆಮೇಲೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ.

ಕಾರ್ಟ್ರಿಜ್ ಒಂದನ್ನೇ ತೊಳೆದು ಕನ್ಸೋಲ್ ಸ್ಲಾಟನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ತೆಳುವಾದ ಪ್ಲಾಸ್ಟಿಕ್ ಕಾರ್ಡಿಗೆ ನೂಲು ಉದುರದ ಬಟ್ಟೆ ಸುತ್ತಿ, ಆಲ್ಕೋಹಾಲ್ ಹಚ್ಚಿ, ಪವರ್ ತೆಗೆದಿರುವಾಗ ಸ್ಲಾಟ್‌ನೊಳಗೆ ನೇರವಾಗಿ ಇಳಿಸಿ ಎತ್ತಿ. ಪಕ್ಕಕ್ಕೆ ಎಳೆದರೆ ಸ್ಪ್ರಿಂಗ್ ಪಿನ್‌ಗಳು ಬಾಗುತ್ತವೆ.

ಮೂರನೆಯದು ಪ್ರದೇಶ ಲಾಕ್. ಅಮೆರಿಕ ಮತ್ತು ಜಪಾನಿನ ಕಾರ್ಟ್ರಿಜ್‌ಗಳ ಒಳಗಿನ ಲಾಕ್‌ಔಟ್ ಚಿಪ್ ಪರಸ್ಪರ ಹೊಂದುತ್ತದೆ. ತಡೆಯುವುದು ಹಿಂಬದಿಯ ಪ್ಲಾಸ್ಟಿಕ್ ಕಚ್ಚುಗಳ ಜಾಗ ಮಾತ್ರ. ವರ್ಚುವಲ್ ಪ್ರೊ ರೆಸ್ಲಿಂಗ್ 2 ಅಮೆರಿಕದ ಕನ್ಸೋಲ್‌ಗೆ ಇಳಿಯದಿರಲು ಇದೇ ಕಾರಣ. ಸ್ಲಾಟ್‌ನ ಪ್ಲಾಸ್ಟಿಕ್ ತಟ್ಟೆ ಬದಲಿಸಿದರೆ ಓಡುತ್ತದೆ. ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ಗೆ ಮಾಡಿದ ಕಾರ್ಟ್ರಿಜ್ ಕಥೆ ಬೇರೆ. ಅದರ ಚಿಪ್ಪೇ ಬೇರೆಯಾದ್ದರಿಂದ ಅಮೆರಿಕದ ಕನ್ಸೋಲ್‌ನಲ್ಲಿ ಎಷ್ಟು ಉಜ್ಜಿದರೂ ಕಪ್ಪು ತೆರೆಯೇ ಗತಿ. ಕಾರ್ಟ್ರಿಜ್ ಹಾಕದೆ ಕನ್ಸೋಲ್ ಆನ್ ಮಾಡಿದಾಗ ಏನೂ ಕಾಣದಿರುವುದು ಸಹಜ, ಅದನ್ನು ಪರೀಕ್ಷೆ ಎಂದುಕೊಳ್ಳಬೇಡಿ.

ಧ್ವನಿ ಕೇಳುತ್ತಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ಆಟ ಓಡುತ್ತಿದೆ ಎಂದರ್ಥ. ಆಗ ಎವಿ ಕೇಬಲ್, ಟಿವಿಯ ಇನ್‌ಪುಟ್ ಆಯ್ಕೆ ಇವುಗಳ ಕಡೆ ನೋಡಿ.

ಸೇವ್ ಅಳಿಸಿಹೋಗುತ್ತದೆ

ವಾರಗಟ್ಟಲೆ ಕೂತು ರೂಪಿಸಿದ ಕುಸ್ತಿಪಟುಗಳು, ಆಟದೊಳಗಿನ ಅಂಗಡಿಯಾದ ಸ್ಮ್ಯಾಕ್‌ಡೌನ್ ಮಾಲ್‌ನಲ್ಲಿ ಕೊಂಡ ಪಟ್ಟುಗಳು, ಗೆದ್ದ ಬೆಲ್ಟ್‌ಗಳು ಒಂದು ದಿನ ಮಾಯ. ಇಲ್ಲಿ ಕಾರ್ಟ್ರಿಜ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ.

ರಿವೆಂಜ್, ರೆಸಲ್‌ಮೇನಿಯಾ 2000, ವರ್ಚುವಲ್ ಪ್ರೊ ರೆಸ್ಲಿಂಗ್ 2 ಇವು 256 ಕಿಲೊಬಿಟ್ ಎಸ್‌ರ‍್ಯಾಮ್‌ನಲ್ಲಿ ಸೇವ್ ಇಡುತ್ತವೆ. ಆ ಚಿಪ್‌ಗೆ ಸದಾ ಕರೆಂಟ್ ಬೇಕು, ಕೊಡುವುದು ಬೋರ್ಡಿಗೆ ಬೆಸೆದ ನಾಣ್ಯದಾಕಾರದ ಲಿಥಿಯಂ ಬ್ಯಾಟರಿ. 25 ವರ್ಷ ದಾಟಿದ ಬ್ಯಾಟರಿ ಸೋತರೆ ಅಚ್ಚರಿಯೇನೂ ಇಲ್ಲ. ನೋ ಮರ್ಸಿ ಬಳಸುವುದು 1 ಮೆಗಾಬಿಟ್ ಫ್ಲ್ಯಾಶ್ ಮೆಮೊರಿ. ಅದಕ್ಕೆ ಬ್ಯಾಟರಿ ಬೇಡ, ಬೋರ್ಡಿನಲ್ಲಿ ಬ್ಯಾಟರಿ ಇರುವುದೂ ಇಲ್ಲ. ಹಾಗಾಗಿ ನೋ ಮರ್ಸಿಯ ಸೇವ್ ಹೋದಾಗ ಬ್ಯಾಟರಿ ಬದಲಿಸಿ ಎಂಬ ಸಲಹೆ ಎಲ್ಲೇ ಕಂಡರೂ ಮುಂದೆ ಓದುವ ಅಗತ್ಯವಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ: ನೋ ಮರ್ಸಿ ಎಂದು ಕೊಂಡ ಕಾರ್ಟ್ರಿಜ್ ಬಿಚ್ಚಿ, ಲೋಹದ ಕವಚ ಸರಿಸಿದಾಗ ಒಳಗೆ ನಾಣ್ಯ ಬ್ಯಾಟರಿ ಕಂಡರೆ ಅದು ನಕಲಿ.

ನೋ ಮರ್ಸಿ ಮೊದಲು ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಕಾರ್ಟ್ರಿಜ್‌ಗಳಲ್ಲಿ ಸೇವ್ ತಾನಾಗಿ ಅಳಿದುಹೋಗುವ ದೋಷವಿತ್ತು. ಪ್ರಕಾಶಕರು ಆಗ ಬದಲಿ ಕಾರ್ಟ್ರಿಜ್ ಕೊಟ್ಟರು, ತಿದ್ದಿದ ಆವೃತ್ತಿಯನ್ನೂ ಹೊರತಂದರು. ಆರಂಭದ ಕಾರ್ಟ್ರಿಜ್‌ಗಳು ಈಗಲೂ ಕೈಬದಲಾಗುತ್ತಿವೆ. ನಿಂಟೆಂಡೊ 64 ಕಾರ್ಟ್ರಿಜ್‌ಗಳ ಹಿಂಬದಿ ಲೇಬಲ್ಲಿನಲ್ಲಿ ಶಾಯಿಯಿಲ್ಲದೆ ಒತ್ತಿದ ಎರಡಂಕಿಯ ಗುರುತು ಇರುತ್ತದೆ. ಓರೆಯಾಗಿ ಬೆಳಕು ಬಿಟ್ಟರೆ ಮಾತ್ರ ಕಾಣುತ್ತದೆ. ಅಂಕಿಯ ಪಕ್ಕದಲ್ಲಿ ಅಕ್ಷರವಿಲ್ಲದಿದ್ದರೆ ಮೊದಲ ಆವೃತ್ತಿ, ಇಂಗ್ಲಿಷಿನ ಎ ಅಕ್ಷರವಿದ್ದರೆ ತಿದ್ದಿದ ಆವೃತ್ತಿ ಎಂಬುದು ಈ ಕನ್ಸೋಲ್‌ನ ಆಟಗಳಲ್ಲಿ ಸಾಮಾನ್ಯ ಪದ್ಧತಿ. ಕೊಳ್ಳುವ ಮೊದಲು ಹಿಂಬದಿಯ ಫೋಟೊ ಕೇಳುವುದು ಇದಕ್ಕಾಗಿಯೇ.

ಪರೀಕ್ಷೆ ಹೀಗೆ ಮಾಡಿ. ಹೊಸದಾಗಿ ಒಬ್ಬ ಕುಸ್ತಿಪಟುವನ್ನು ರೂಪಿಸಿ, ಸೇವ್ ಮಾಡಿ, ಮಾಲ್‌ನಲ್ಲಿ ಉಳಿದ ಹಣವನ್ನು ಬರೆದಿಟ್ಟುಕೊಳ್ಳಿ. ಆಫ್ ಮಾಡಿ, ಕಾರ್ಟ್ರಿಜ್ ಹೊರತೆಗೆದು ಇಡೀ ರಾತ್ರಿ ಬಿಡಿ. ಐದು ನಿಮಿಷದ ಪರೀಕ್ಷೆ ನಂಬಬೇಡಿ. ಎಸ್‌ರ‍್ಯಾಮ್ ಕಾರ್ಟ್ರಿಜ್‌ನ ಬ್ಯಾಟರಿ ಪೂರ್ತಿ ಸತ್ತಿದ್ದರೂ ಉಳಿದ ವಿದ್ಯುದಂಶದಲ್ಲಿ ಸೇವ್ ಸ್ವಲ್ಪ ಹೊತ್ತು ಜೀವ ಹಿಡಿದಿರುತ್ತದೆ. ಬೆಳಿಗ್ಗೆ ಬಂದು ನೋಡಿದಾಗ:

ಎಸ್‌ರ‍್ಯಾಮ್ ಕಾರ್ಟ್ರಿಜ್‌ನಲ್ಲಿ ಎಲ್ಲವೂ ಹೋಗಿದ್ದರೆ ಬ್ಯಾಟರಿ ಬದಲಿಸಬೇಕು.

ನೋ ಮರ್ಸಿಯಲ್ಲಿ ಪ್ರತಿ ಸಲವೂ ಹೋಗುತ್ತಿದ್ದರೆ ಫ್ಲ್ಯಾಶ್ ಚಿಪ್ ಅಥವಾ ಅದರ ಸಂಪರ್ಕ ಕೆಟ್ಟಿದೆ, ಇಲ್ಲವೇ ಕಾರ್ಟ್ರಿಜ್ ನಕಲಿ.

ದಿನಗಟ್ಟಲೆ ಸರಿಯಿದ್ದು ಯಾವಾಗಲೋ ಒಮ್ಮೆ ಒಟ್ಟಿಗೆ ಎಲ್ಲ ಅಳಿಯುತ್ತಿದ್ದರೆ ಅದು ಮೊದಲ ಆವೃತ್ತಿಯ ದೋಷಕ್ಕೆ ಹೊಂದುವ ಲಕ್ಷಣ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ. ಕಾರ್ಟ್ರಿಜ್ ಓದುವ ಸಾಧನದಿಂದ ಆಗಾಗ ಸೇವ್ ಪ್ರತಿ ತೆಗೆದಿಡಿ, ಅಥವಾ ತಿದ್ದಿದ ಆವೃತ್ತಿ ಹುಡುಕಿ. ಪ್ರತಿ ತೆಗೆದಾಗ ನೋ ಮರ್ಸಿಯ ಕಡತ 1,31,072 ಬೈಟ್ ಇರಬೇಕು, ಎಸ್‌ರ‍್ಯಾಮ್ ಆಟಗಳದು 32,768 ಬೈಟ್. ಅಳತೆ ಬೇರೆ ಬಂದರೆ ಸಾಧನದಲ್ಲಿ ಸೇವ್ ಬಗೆ ತಪ್ಪಾಗಿ ಆರಿಸಿದೆ ಎಂದರ್ಥ.

ಬ್ಯಾಟರಿ ಬದಲಿಸುವವರಿಗೆ ನಾಲ್ಕು ಮಾತು. ಬೇಕಿರುವುದು ಬೆಸುಗೆಯ ಪಟ್ಟಿಗಳನ್ನು ಮೊದಲೇ ಅಂಟಿಸಿದ ಸಿಆರ್2032. ಬರೀ ನಾಣ್ಯ ಬ್ಯಾಟರಿ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗಿನ ಒತ್ತಡ ಏರಿ ಸಿಡಿಯಬಹುದು. ಹಳೆಯದನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ: ಹೊಸ ಬ್ಯಾಟರಿ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ, 2.5ಕ್ಕೆ ಇಳಿದಿದ್ದರೆ ಇನ್ನು ನೆಚ್ಚುವಂತಿಲ್ಲ. ಬೆಸುಗೆ ಸಲಾಕೆಯ ಕಾವು 350 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಡಿ. ಬಿಚ್ಚುವ ಮೊದಲು ಕೂಡು ಗುರುತು (+) ಎತ್ತ ಇತ್ತು ಎಂದು ಫೋಟೊ ತೆಗೆದುಕೊಳ್ಳಿ. ಹಳೇ ಬ್ಯಾಟರಿ ಕಿತ್ತ ಕೂಡಲೇ ಇದ್ದಬದ್ದ ಸೇವ್ ಹೋಗುತ್ತದೆ. ಬೇಕಿದ್ದರೆ ಮೊದಲೇ ಪ್ರತಿ ತೆಗೆಯಿರಿ.

ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ಫ್ಲ್ಯಾಶ್‌ಕಾರ್ಟ್‌ನಲ್ಲಿ ಆಡುವವರಿಗೆ ಸೇವ್ ಹೋಗುವ ಕಾರಣ ಬಹುತೇಕ ಎರಡೇ. ಸೇವ್ ಬಗೆ ಫ್ಲ್ಯಾಶ್ ಬದಲು ಎಸ್‌ರ‍್ಯಾಮ್ ಎಂದಿರುವುದು ಒಂದು. ಕೆಲವು ಹಳೇ ಮಾದರಿಗಳಲ್ಲಿ ಆಫ್ ಮಾಡುವ ಮೊದಲು ರಿಸೆಟ್ ಒತ್ತಿದರೆ ಮಾತ್ರ ಸೇವ್ ಮೆಮೊರಿ ಕಾರ್ಡಿಗೆ ಇಳಿಯುತ್ತದೆ, ಅದನ್ನು ಮರೆಯುವುದು ಇನ್ನೊಂದು.

ಕಂಟ್ರೋಲರ್: ಇಲ್ಲಿ ಆಟದ ಸ್ವಭಾವ ತಿಳಿದಿರಬೇಕು

ಸ್ಟಿಕ್ ಎತ್ತ ತಳ್ಳಿದರೂ ಕುಸ್ತಿಪಟು ನಡೆಯುವುದಿಲ್ಲ, ಬದಲಿಗೆ ಕೈ ಎತ್ತಿ ಎದುರಾಳಿಯನ್ನು ಕೆಣಕುತ್ತಾನೆ ಎಂದರೆ ಏನೂ ಕೆಟ್ಟಿಲ್ಲ. ಈ ಸಾಲಿನ ಆಟಗಳಲ್ಲಿ ನಡೆಯುವುದು ಡಿ-ಪ್ಯಾಡ್‌ನಿಂದ, ಅಂದರೆ ಎಡಗಡೆಯ ಪ್ಲಸ್ ಆಕಾರದ ಬಟನ್‌ನಿಂದ. ಸ್ಟಿಕ್ ಇರುವುದು ಕೆಣಕಲು ಮತ್ತು ಫಿನಿಷರ್ (ಕುಸ್ತಿಪಟುವಿನ ವಿಶೇಷ ಪಟ್ಟು) ಹಾಕಲು. ಎಡಗೈ ಕಂಟ್ರೋಲರ್‌ನ ಎಡ ಹಿಡಿಯಲ್ಲಿರಬೇಕು, ನಡುವಿನ ಹಿಡಿಯಲ್ಲಲ್ಲ. ತೆರೆಯ ಮೇಲಿನ ಉತ್ಸಾಹದ ಮೀಟರ್ ತುಂಬಿ ಮಿನುಗುವಾಗ ಮಾತ್ರ ಹೆಬ್ಬೆರಳು ಸ್ಟಿಕ್‌ಗೆ ಜಿಗಿಯುತ್ತದೆ.

ಇದು ತಿಳಿದಿದ್ದರೆ ಆಟವನ್ನೇ ಪರೀಕ್ಷಾ ಸಾಧನವಾಗಿ ಬಳಸಬಹುದು. ಎ ಬಟನ್ ಒಮ್ಮೆ ತಟ್ಟಿದರೆ ಹಗುರ ಹಿಡಿತ, ಒತ್ತಿ ಹಿಡಿದರೆ ಬಲವಾದ ಹಿಡಿತ. ಎಷ್ಟು ಹೊತ್ತು ಒತ್ತಿ ಹಿಡಿದರೂ ಹಗುರ ಹಿಡಿತವೇ ಬರುತ್ತಿದ್ದರೆ ಎ ಬಟನ್‌ನ ಕೆಳಗಿನ ರಬ್ಬರ್ ಪ್ಯಾಡ್ ಸವೆದಿದೆ: ಬೆರಳು ಒತ್ತಿಯೇ ಇದ್ದರೂ ಸಂಪರ್ಕ ನಡುವೆ ಕಡಿಯುತ್ತಿದೆ, ಕನ್ಸೋಲ್ ಅದನ್ನು ತಟ್ಟಿ ಬಿಟ್ಟಂತೆ ಓದುತ್ತದೆ. ಆಡುವವರು ಇದಕ್ಕೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.

ಹಿಡಿತಕ್ಕೆ ಬಂದ ಮೇಲೆ ಡಿ-ಪ್ಯಾಡ್ ದಿಕ್ಕಿನ ಜೊತೆ ಎ ಅಥವಾ ಬಿ ಒತ್ತಿದರೆ ದಿಕ್ಕಿಗೊಂದು ಪಟ್ಟು ಬೀಳುತ್ತದೆ. ಮೇಲೆ, ಕೆಳಗೆ, ಪಕ್ಕ, ದಿಕ್ಕಿಲ್ಲದೆ ಹೀಗೆ ಒಂದೊಂದನ್ನೂ ಹಾಕಿ ನೋಡಿ. ಮೇಲಿನ ದಿಕ್ಕು ಒತ್ತಿದರೂ ದಿಕ್ಕಿಲ್ಲದ ಪಟ್ಟೇ ಬರುತ್ತಿದ್ದರೆ ಡಿ-ಪ್ಯಾಡ್‌ನ ಆ ಒಂದು ತುದಿ ಕೆಲಸ ಮಾಡುತ್ತಿಲ್ಲ. ಓಡಲು ಇರುವುದು ಕೆಳಗಿನ ಸಿ ಬಟನ್. ಅದು ಸ್ಪಂದಿಸದಿದ್ದರೂ ಕಾರಣ ಇದೇ ಬಗೆಯದು.

ರಿಪೇರಿ ಕಷ್ಟದ್ದಲ್ಲ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಪ್ಯಾಕ್ ಸಿಕ್ಕಿಸುವ ಸ್ಲಾಟ್‌ನೊಳಗಿನ ಎರಡು ಚಿಕ್ಕ ಸ್ಕ್ರೂಗಳನ್ನು ಮರೆತು ಎಳೆದರೆ ಪ್ಲಾಸ್ಟಿಕ್ ಸೀಳುತ್ತದೆ. ಝಡ್ ಬಟನ್ ಬಿದ್ದು ಕಳೆದುಹೋಗದಂತೆ ನೋಡಿಕೊಳ್ಳಿ. ರಬ್ಬರಿನ ಕಪ್ಪು ಬೊಟ್ಟು ಮತ್ತು ಬೋರ್ಡಿನ ಕಪ್ಪು ಗುರುತು ಎರಡನ್ನೂ ಆಲ್ಕೋಹಾಲಿನಿಂದ ಹಗುರವಾಗಿ ಒರೆಸಿ. ಬೋರ್ಡಿನ ಗುರುತು ಮುದ್ರಿಸಿದ ಇಂಗಾಲದ ಪದರ, ಜೋರಾಗಿ ಉಜ್ಜಿದರೆ ಎದ್ದು ಬರುತ್ತದೆ. ಒರೆಸಿದ ಮೇಲೂ ಸರಿಹೋಗದಿದ್ದರೆ ರಬ್ಬರ್ ಪ್ಯಾಡ್ ಸೆಟ್ಟನ್ನೇ ಬದಲಿಸಿ.

ಇನ್ನು ಸ್ಟಿಕ್. ಯಾರೂ ಮುಟ್ಟದಿದ್ದರೂ ಕುಸ್ತಿಪಟು ಪಂದ್ಯದ ನಡುವೆ ತಾನಾಗಿ ಕೆಣಕಲು ನಿಂತು ಏಟು ತಿನ್ನುತ್ತಿದ್ದರೆ ಸ್ಟಿಕ್‌ನ ಮಧ್ಯಬಿಂದು ತಪ್ಪಿದೆ. ಕನ್ಸೋಲ್ ಆನ್ ಆಗುವಾಗ ಸ್ಟಿಕ್ ಎಲ್ಲಿದೆಯೋ ಅದನ್ನೇ ಕಂಟ್ರೋಲರ್ ಮಧ್ಯ ಎಂದು ಹಿಡಿಯುತ್ತದೆ. ಆ ಕ್ಷಣದಲ್ಲಿ ಬೆರಳು ತಾಗಿದ್ದರೆ ಇಡೀ ಆಟ ಓರೆ. ಸ್ಟಿಕ್ ಬಿಟ್ಟು ಎಲ್, ಆರ್, ಸ್ಟಾರ್ಟ್ ಮೂರನ್ನೂ ಒಟ್ಟಿಗೆ ಒತ್ತಿ, ಮಧ್ಯಬಿಂದು ಹೊಸದಾಗಿ ಗೊತ್ತಾಗುತ್ತದೆ. ಮತ್ತೆ ಮತ್ತೆ ಹೀಗೇ ಆದರೆ ಅಳ್ಳಕ ಸ್ಟಿಕ್ಕೇ ಕಾರಣ.

ಮೀಟರ್ ತುಂಬಿ, ಬಲವಾದ ಹಿಡಿತ ಹಿಡಿದು, ಸ್ಟಿಕ್ ತಿರುಗಿಸಿದರೂ ಫಿನಿಷರ್ ಬೀಳುವುದಿಲ್ಲ ಎಂದರೆ ಸ್ಟಿಕ್‌ನ ಚಲನೆ ಕಿರಿದಾಗಿದೆ. ಒಳಗೆ ಪ್ಲಾಸ್ಟಿಕ್ ಬಟ್ಟಲು, ಅದರ ಮೇಲೆ ಉಜ್ಜುವ ಕಡ್ಡಿ, ಕಡ್ಡಿಗೆ ಸಿಕ್ಕಿದ ಎರಡು ಕಮಾನು, ಅವು ತಿರುಗಿಸುವ ಸೀಳುಗಳಿರುವ ಎರಡು ಚಕ್ರ. ಬೆಳಕಿನ ಸಂವೇದಕ ಆ ಸೀಳುಗಳನ್ನು ಎಣಿಸುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜಿ ಬಿಳಿ ಪುಡಿ ಬರುತ್ತದೆ. ಸ್ಟಿಕ್ ಬುಡದಲ್ಲಿ ಆ ಪುಡಿ ಕಂಡರೆ ಸವೆತ ಶುರುವಾಗಿದೆ ಎಂದು ತಿಳಿಯಿರಿ. ಗಟ್ಟಿಮುಟ್ಟಾದ ಮೂಲ ಸ್ಟಿಕ್ ನೇರ ದಿಕ್ಕಿನಲ್ಲಿ ಸುಮಾರು 80 ಹೆಜ್ಜೆ ಎಣಿಸುತ್ತದೆ. ಸವೆದದ್ದು 60ರ ಹತ್ತಿರ ನಿಂತುಬಿಡುತ್ತದೆ.

ಪುಡಿ ಒರೆಸಿ, ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನು ಸಾಸಿವೆ ಕಾಳಿನಷ್ಟು ಬಟ್ಟಲಿಗೆ ಹಚ್ಚಿದರೆ ಸವೆತ ನಿಧಾನವಾಗುತ್ತದೆ, ಆದರೆ ಆಗಲೇ ಸವೆದದ್ದು ಮರಳಿ ಬರುವುದಿಲ್ಲ. ಬಟ್ಟಲು ಮತ್ತು ಕಮಾನುಗಳ ಬದಲಿ ಭಾಗ ಹಾಕುವುದೇ ಸರಿಯಾದ ದಾರಿ. ಚಕ್ರಗಳು ಯಾವ ಕೋನದಲ್ಲಿ ಕೂತರೂ ತೊಂದರೆಯಿಲ್ಲ, ಎಣಿಕೆ ಮಧ್ಯಬಿಂದುವಿನಿಂದಲೇ ಶುರು. ಸ್ಪ್ರೇ ಎಣ್ಣೆ ಹೊಡೆಯಬೇಡಿ: ಸಂವೇದಕದ ಮೇಲೆ ಕೂತರೆ ಒಂದು ದಿಕ್ಕೇ ಕುರುಡಾಗುತ್ತದೆ. ಬೇರೆ ಕಂಪನಿಗಳ ಪೂರ್ತಿ ಸ್ಟಿಕ್ ಮಾಡ್ಯೂಲ್ ಹಾಕಬಹುದಾದರೂ ಕೆಲವು ತೀರಾ ಚುರುಕು, ತುಸು ತಾಗಿದರೆ ಎಣಿಕೆ ತುದಿ ಮುಟ್ಟುತ್ತದೆ. ಈ ಆಟಕ್ಕೆ ಅದು ಅಂಥ ಅಡ್ಡಿಯಲ್ಲ, ಸೂಕ್ಷ್ಮವಾಗಿ ನಡೆಯಬೇಕಾದ ಬೇರೆ ಆಟಗಳಲ್ಲಿ ಕಿರಿಕಿರಿ.

ಒಂದು ಕಂಟ್ರೋಲರ್ ಪೂರ್ತಿ ಸತ್ತಂತೆ ಕಂಡರೆ ನಾಲ್ಕು ಪೋರ್ಟ್‌ಗಳಲ್ಲೂ ಸಿಕ್ಕಿಸಿ ನೋಡಿ. ಎಲ್ಲದರಲ್ಲೂ ಸತ್ತಿದ್ದರೆ ಕೇಬಲ್ ಒಳಗೆ ತುಂಡಾಗಿರಬಹುದು. ಒಳಗಿರುವುದು ಮೂರೇ ತಂತಿ, ಮಲ್ಟಿಮೀಟರ್ ಹಿಡಿದು ಒಂದೊಂದನ್ನೂ ಪರೀಕ್ಷಿಸಬಹುದು. ಕಂಟ್ರೋಲರ್ ಬಳಿ ಬಾಗುವ ಬುಡದಲ್ಲೇ ಹೆಚ್ಚಾಗಿ ತುಂಡಾಗುತ್ತದೆ. ರಂಬಲ್ ಪ್ಯಾಕ್ ಅದುರದಿದ್ದರೆ ಮೊದಲು ಅದರ ಎರಡು ಟ್ರಿಪಲ್ ಎ ಬ್ಯಾಟರಿ ನೋಡಿ, ಅದು ಕನ್ಸೋಲ್‌ನ ಕರೆಂಟಿನಲ್ಲಿ ಓಡುವುದಲ್ಲ.

ಎದುರೇಟು ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲ

ಎದುರಾಳಿಯ ಪಟ್ಟನ್ನು ತಿರುಗಿಸಲು ಬಟನ್ ಸರಿಯಾದ ಕ್ಷಣದಲ್ಲಿ ಒತ್ತಬೇಕು. ಹಳೇ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಸಲೀಸಾಗಿ ಆಡುತ್ತಿದ್ದವರು ಚಪ್ಪಟೆ ಟಿವಿಗೆ ಬಂದ ಮೇಲೆ ಪದೇ ಪದೇ ಏಟು ತಿಂದರೆ ಕಂಟ್ರೋಲರ್ ಬಿಚ್ಚುವ ಮೊದಲು ಟಿವಿಯನ್ನು ಸಂಶಯಿಸಿ. ಕನ್ಸೋಲ್‌ನ 240 ಗೆರೆಗಳ ಚಿತ್ರವನ್ನು ಹಲವು ಟಿವಿಗಳು ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರುವ) ಚಿತ್ರವೆಂದು ತಪ್ಪಾಗಿ ಹಿಡಿದು, ಸಂಸ್ಕರಿಸಿ ತಡವಾಗಿ ತೋರಿಸುತ್ತವೆ. ಅಮೆರಿಕ ಮತ್ತು ಜಪಾನಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 50 ಮಿಲಿಸೆಕೆಂಡ್ ತಡವಾದರೆ ಮೂರು ಚಿತ್ರ ಹಿಂದೆ ಬಿದ್ದಂತೆ. ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಿತ್ರ ನಯಗೊಳಿಸುವ ಎಲ್ಲ ಆಯ್ಕೆಗಳನ್ನೂ ಆಫ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಹಳೇ ಕನ್ಸೋಲ್‌ಗಳಿಗೆಂದೇ ಮಾಡಿದ ಸ್ಕೇಲರ್ (ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ಸಾಧನ) ಬೇಕು. ಎನ್‌ಟಿಎಸ್‌ಸಿ ಕನ್ಸೋಲ್‌ನಲ್ಲಿ ಎಸ್-ವಿಡಿಯೊ ಹಾಕಿದರೆ ಹಳದಿ ಪ್ಲಗ್‌ಗಿಂತ ಚಿತ್ರ ತುಂಬಾ ಸ್ಪಷ್ಟ, ಆದರೆ ತಡ ಕಡಿಮೆಯಾಗದು.

ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಅಥವಾ ಮೇಲಿನಿಂದ ಕೆಳಕ್ಕೆ ಉರುಳಿದರೆ ಎನ್‌ಟಿಎಸ್‌ಸಿ ಕನ್ಸೋಲನ್ನು ಪಾಲ್ ಮಾತ್ರ ಬಲ್ಲ ಟಿವಿಗೆ ಹಾಕಿದ್ದೀರಿ. ಪಾಲ್ ಆವೃತ್ತಿ 50 ಹರ್ಟ್ಜ್‌ನಲ್ಲಿ ಓಡುವುದರಿಂದ 60ಕ್ಕೆ ಒಗ್ಗಿದ ಕೈಗೆ ಎದುರೇಟಿನ ಲಯ ಬೇರೆಯಾಗಿಯೇ ಕಾಣುತ್ತದೆ, ಅದಕ್ಕೆ ರಿಪೇರಿ ಇಲ್ಲ. ರಿಂಗ್‌ನಲ್ಲಿ ನಾಲ್ವರು ಸೇರಿದಾಗ ಆಟ ನಿಧಾನವಾಗುವುದಂತೂ ಆಟದ ಸ್ವಭಾವವೇ. ಕನ್ಸೋಲ್ ಎಷ್ಟು ಹೊಸದಿದ್ದರೂ ಅಷ್ಟೇ.

ಪಂದ್ಯದ ನಡುವೆ ಸ್ತಬ್ಧ

ಚಿತ್ರ ನಿಂತು, ಒಂದೇ ಸ್ವರ ಎಳೆದಂತೆ ಕೇಳಿಸಿದರೆ ಮೊದಲು ಗಮನಿಸಬೇಕಾದ್ದು ಅದು ಎಲ್ಲಿ ನಿಲ್ಲುತ್ತದೆ ಎಂಬುದು. ಪ್ರತಿ ಸಲವೂ ಅದೇ ಜಾಗದಲ್ಲಿ, ಉದಾಹರಣೆಗೆ ಒಬ್ಬನೇ ಕುಸ್ತಿಪಟುವಿನ ಪ್ರವೇಶದಲ್ಲಿ ನಿಂತರೆ ಕಾರ್ಟ್ರಿಜ್‌ನಲ್ಲಿ ಆಟವನ್ನು ಇಟ್ಟಿರುವ ರೋಮ್ ಚಿಪ್‌ನ ಆ ಭಾಗ ಓದಲು ಆಗುತ್ತಿಲ್ಲ, ಅಥವಾ ಸೇವ್‌ನಲ್ಲಿ ಕೆಟ್ಟ ಮಾಹಿತಿ ಸೇರಿದೆ. ಚೀಟ್ ಕೋಡ್ ಹಾಕಿ ರೂಪಿಸಿದ ಕುಸ್ತಿಪಟುಗಳು ಸೇವ್‌ನಲ್ಲಿ ಉಳಿದಿದ್ದರೆ ಚೀಟ್ ಸಾಧನ ತೆಗೆದ ಮೇಲೂ ಕಾಟ ಕೊಡಬಹುದು. ಅಂಥವರನ್ನು ಅಳಿಸಿ ನೋಡಿ.

ಎಲ್ಲೆಂದರಲ್ಲಿ ನಿಂತರೆ ಸಂಪರ್ಕ, ಪವರ್ ಅಥವಾ ಬಿಸಿ. ಆಟ ಓಡುತ್ತಿರುವಾಗ ಕಾರ್ಟ್ರಿಜ್ ಅಲುಗಿಸಿ ಪರೀಕ್ಷಿಸುವುದು ಬೇಡ, ಆ ಹೊತ್ತಿಗೆ ಸೇವ್ ಬರೆಯುತ್ತಿದ್ದರೆ ಅದೂ ಕೆಡುತ್ತದೆ. ಬದಲಿಗೆ ಕನ್ಸೋಲನ್ನು ಗಟ್ಟಿ, ಸಮತಟ್ಟಾದ ಜಾಗದಲ್ಲಿಟ್ಟು, ಕಂಟ್ರೋಲರ್ ಕೇಬಲ್ ಎಳೆತ ಕನ್ಸೋಲ್‌ಗೆ ತಾಗದಂತೆ ಮಾಡಿ ಒಂದು ಗಂಟೆ ಆಡಿ. ನಾಲ್ಕು ಜನ ಕೂತು ಕುಣಿಯುವಾಗ ಮಾತ್ರ ನಿಲ್ಲುತ್ತಿದ್ದರೆ ಎಳೆತವೇ ಅಪರಾಧಿ. ಆನ್ ಮಾಡಿದ ಮೊದಲ ಅರ್ಧ ಗಂಟೆ ಸರಿಯಿದ್ದು ಆಮೇಲೆ ನಿಂತರೆ ಬಿಸಿಯ ಗುಮಾನಿ: ಗಾಳಿ ಕಿಂಡಿಗಳ ಧೂಳು ತೆಗೆಯಿರಿ, ಎಕ್ಸ್‌ಪ್ಯಾನ್ಷನ್ ಪ್ಯಾಕ್ ಬದಲು ಜಂಪರ್ ಪ್ಯಾಕ್ ಹಾಕಿ, ಬೇರೆ ಬ್ರಿಕ್ ಹಾಕಿ, ಈ ಮೂರನ್ನೂ ಒಂದೊಂದಾಗಿಯೇ.

ಕಾರ್ಟ್ರಿಜ್ ಎಲ್ಲ ಕನ್ಸೋಲ್‌ಗಳಲ್ಲೂ ಅದೇ ಜಾಗದಲ್ಲಿ ನಿಂತು, ಸಂಪರ್ಕ ತೊಳೆದಿದ್ದು, ಸೇವ್ ಪೂರ್ತಿ ಅಳಿಸಿದ್ದೂ ಆಗಿದ್ದರೆ ಬೋರ್ಡಿನ ರೋಮ್ ಚಿಪ್ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಬಿಟ್ಟ ಬೆಸುಗೆ ಬೂದು ಬಣ್ಣದ ಉಂಗುರದಂತೆ ಕಾಣುತ್ತದೆ. ಫ್ಲಕ್ಸ್ ಹಚ್ಚಿ, ಸಣ್ಣ ಮೊನೆಯ ಬೆಸುಗೆ ಸಲಾಕೆಯಿಂದ ಒಂದೊಂದೇ ಕಾಲನ್ನು ಮತ್ತೆ ಕರಗಿಸಿ, ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ. ಅದಕ್ಕೂ ಬಗ್ಗದಿದ್ದರೆ ಚಿಪ್ಪೇ ಹೋಗಿದೆ. ಒಳಗಿನ ಬೋರ್ಡ್ ಬಿಸಾಡಿದರೂ ಚಿಪ್ಪುಗವಸು, ಲೇಬಲ್ ಮತ್ತು ಲೋಹದ ಕವಚ ಎತ್ತಿಡಿ, ಒಡೆದ ಕವಚದ ಇನ್ನೊಂದು ಕಾರ್ಟ್ರಿಜ್‌ಗೆ ಅವು ಬೇಕಾಗುತ್ತವೆ.